ಅಜ್ಜಿಯ ಹೊಗೆಸೊಪ್ಪಿನ ಪುಡಿ, ತಂಗಿಯ ಹಾಲುಹಲ್ಲು

ನನ್ನ ತಂಗಿಯ ಬಾಯಿ ತೆರೆಸುವುದೇ ನಮ್ಮ ಮನೆಯಲ್ಲಿ ದಿನದ ಮೊದಲ ಯುದ್ಧ. ಹೊರಗೆ ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳವು. ಸಕ್ಕರೆಗೆ ತತ್ವಾರ, ಸೀಮೆಎಣ್ಣೆಗೆ ತತ್ವಾರ. ಜಗಳೂರಿನ ನಮ್ಮ ಓಣಿಗೆ ಆ ಯುದ್ಧ ಮುಟ್ಟಿದ್ದು ಅಷ್ಟೇ. ಆದರೆ ಬೆಳಗಾಗುತ್ತಲೇ ನಮ್ಮ ಹಿತ್ತಿಲ ಬಚ್ಚಲುಕಲ್ಲಿನ ಹತ್ತಿರ ಏಳುತ್ತಿದ್ದ ಗಲಾಟೆ ಓಣಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು.

ಅವ್ವ ಒಂದು ಕೈಯಲ್ಲಿ ಇದ್ದಿಲು, ಉಪ್ಪು ಕುಟ್ಟಿದ ಪುಡಿ ಹಿಡಿದು, ಇನ್ನೊಂದು ಕೈಯಲ್ಲಿ ತಂಗಿಯ ಗಲ್ಲ ಹಿಡಿದು ಕೂರುತ್ತಿದ್ದಳು. ಮೂರು ವರ್ಷದ ಹುಡುಗಿ. ತುಟಿ ಬಿಗಿದಳೆಂದರೆ ಮುಗಿಯಿತು, ದೇವರು ಬಂದರೂ ತೆರೆಯುತ್ತಿರಲಿಲ್ಲ. ನನಗೆ ಆಗ ಒಂಬತ್ತೋ ಹತ್ತೋ. ಅವಳ ಕಾಲು ಹಿಡಿದುಕೊಳ್ಳುವ ಕೆಲಸ ನನ್ನದು, ಹಾಗಾಗಿ ಒದೆಗಳೂ ನನ್ನವೇ.

ಸಕ್ಕರೆ ಸಿಗದ ಕಾಲ, ಮಕ್ಕಳು ಅತ್ತರೆ ಕೈಗೆ ಬೆಲ್ಲದ ಚೂರು ಬೀಳುತ್ತಿತ್ತು. ತಂಗಿ ಅದನ್ನು ದವಡೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುವಳು. ಮುಂದಿನ ಹಲ್ಲೊಂದರ ಅಂಚು ಆಗಲೇ ಕಪ್ಪಾಗಿತ್ತು. ಹಾಲುಹಲ್ಲು ತಾನೇ, ಬಿದ್ದು ಬೇರೆ ಬರುತ್ತದೆ ಎಂದು ಅಪ್ಪ ಕೈ ಝಾಡಿಸಿಬಿಟ್ಟ. ಅವ್ವನಿಗೆ ಸಮಾಧಾನವಿರಲಿಲ್ಲ. ಅವಳ ತವರು ಬಿಳಿಚೋಡಿನಲ್ಲಿ ಅವಳ ತಮ್ಮ ಹುಳುಕುಹಲ್ಲಿನಿಂದ ಮುಖ ಊದಿಸಿಕೊಂಡು, ವಾರಗಟ್ಟಲೆ ಮುದ್ದೆ ಬಿಟ್ಟು ನರಳಿದ್ದನ್ನು ಕಂಡವಳು. ಈ ಮಗುವಿಗೆ ಅಂಥದ್ದು ಬರಬಾರದು ಎನ್ನುವುದೊಂದೇ ಅವಳ ಹಠ.

ಹಠದಲ್ಲಿ ತಂಗಿ ಅವ್ವನಿಗಿಂತ ಒಂದು ಕೈ ಮೇಲು. ಅದಕ್ಕೆ ಕಾರಣ ಅಜ್ಜಿ.

ಅಜ್ಜಿ ಅಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಕಂಬಳಿ ನೇಯುವ ಮನೆ ನಮ್ಮದು. ಉಣ್ಣೆಯ ನೂಲು ತೆಗೆಯುವುದು ಅವಳ ಕೆಲಸ, ಹೊಗೆಸೊಪ್ಪಿನ ಪುಡಿ ತಿಕ್ಕುವುದು ಅವಳ ಸುಖ. ಸೊಪ್ಪನ್ನು ರೊಟ್ಟಿ ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ಅಂಗೈಯಲ್ಲಿ ಹೊಸಕಿ ಪುಡಿ ಮಾಡಿ, ತಗಡಿನ ಡಬ್ಬಿಗೆ ತುಂಬಿಡುವಳು. ಎದ್ದ ಕೂಡಲೆ ಒಂದು ಚಿಟಿಕೆ, ಉಂಡ ಮೇಲೆ ಒಂದು, ಬೇಜಾರಾದರೆ ಒಂದು, ಖುಷಿಯಾದರೂ ಒಂದು. ತೋರುಬೆರಳಿಂದ ಹಲ್ಲಿಗೆ ತಿಕ್ಕುತ್ತ ಕಣ್ಣು ಅರೆಮುಚ್ಚಿ ಕೂತಳೆಂದರೆ, ಮನೆಗೆ ಕಳ್ಳರು ನುಗ್ಗಿದರೂ ಆಮೇಲೆ ಬನ್ನಿ ಅನ್ನುವ ಹೆಂಗಸು. ತನ್ನ ಹಲ್ಲು ಗಟ್ಟಿಯಾಗಿರುವುದೇ ಆ ಪುಡಿಯಿಂದ ಎಂದು ಅವಳ ವಾದ. ಉಳಿದಿದ್ದ ಹಲ್ಲುಗಳೇ ಕೆಲವು, ಅವೂ ಸುಟ್ಟ ಬದನೆಕಾಯಿಯ ಬಣ್ಣ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಸೊಸೆಗಂತೂ ಇಲ್ಲವೇ ಇಲ್ಲ.

ತಂಗಿಗೆ ಅಜ್ಜಿಯೇ ಸರ್ವಸ್ವ. ಅಜ್ಜಿ ಒಂದು ಕಾಲು ಚಾಚಿ ಕೂತರೆ ಇವಳೂ ಚಾಚುವಳು. ಅಜ್ಜಿ ಶಿವನೇ ಎಂದು ಸೊಂಟ ಹಿಡಿದು ಎದ್ದರೆ ಇವಳೂ ಇಲ್ಲದ ಸೊಂಟನೋವು ತಂದುಕೊಂಡು ಏಳುವಳು. ಅಜ್ಜಿ ಪುಡಿ ತಿಕ್ಕಿದರೆ ಇವಳು ಬರಿಬೆರಳು ಬಾಯಿಗಿಟ್ಟು ಕಣ್ಣು ಅರೆಮುಚ್ಚುವಳು. ನೋಡಿದವರೆಲ್ಲ ನಗುತ್ತಿದ್ದರು. ಅಜ್ಜಿಗೋ ಹೆಮ್ಮೆ.

ಒಂದು ಬೆಳಿಗ್ಗೆ ಆ ನಗು ನಿಂತಿತು. ಅಜ್ಜಿ ಉಣ್ಣೆಯನ್ನು ಬಿಸಿಲಿಗೆ ಹರವಲು ಹೋಗಿದ್ದಾಗ ತಂಗಿ ಡಬ್ಬಿ ತೆಗೆದು ನಿಜವಾದ ಪುಡಿಯನ್ನೇ ತಿಕ್ಕಿಕೊಂಡಿದ್ದಳು. ತಲೆ ತಿರುಗಿ, ವಾಂತಿ ಮಾಡಿ, ಬೆವತು, ಅವ್ವನ ತೊಡೆಯ ಮೇಲೆ ಬಿಳಿಚಿಕೊಂಡು ಮಲಗಿದಳು. ಅವ್ವ ಅಳುತ್ತಲೇ ಅವಳ ಬಾಯಿ ತೊಳೆದಳು. ಅಜ್ಜಿ ಗೋಡೆಗೆ ಒರಗಿ ಕೂತವಳು ಆ ದಿನ ನೂಲುವ ಕದಿರು ಮುಟ್ಟಲಿಲ್ಲ. ಸಂಜೆ ಹೊತ್ತಿಗೆ ತಂಗಿ ಎದ್ದು ಕೂತಳು. ಮೊದಲು ಕೇಳಿದ್ದು ಬೆಲ್ಲ, ಆಮೇಲೆ ಕೇಳಿದ್ದು ಅಜ್ಜಿಯ ಡಬ್ಬಿ. ಇಂಥ ಹುಡುಗಿಯನ್ನು ಏನು ಮಾಡುವುದು ಹೇಳಿ.

ಅಜ್ಜಿ ಡಬ್ಬಿಯನ್ನು ಸೂರಿನ ಜಂತೆಯ ಸಂದಿಯಲ್ಲಿ ಬಚ್ಚಿಟ್ಟು, ಬಣವೆಯ ಮರೆಗೆ ಹೋಗಿ ಕದ್ದು ತಿಕ್ಕತೊಡಗಿದಳು. ಮಗುವಿನ ಕಣ್ಣು ತಪ್ಪಿಸುವುದು ಸುಲಭವೇ? ಅಜ್ಜಿ ಎಲ್ಲಿ ಬೆರಳೆತ್ತಿದರೂ ಅಲ್ಲಿ ತಂಗಿ ಬಾಯಿ ತೆರೆದು ಹಾಜರು. ಅವ್ವ ಬೇವಿನ ಕಡ್ಡಿ ತೋರಿಸಿದರೆ, ಅಜ್ಜಿಗೆ ಕೊಡು ಅನ್ನುವಳು. ಅಜ್ಜಿ ತಿಕ್ಕಿದ್ದನ್ನೇ ತಾನೂ ತಿಕ್ಕುವುದು, ಇಲ್ಲದಿದ್ದರೆ ಬಾಯಿ ಬಂದ್. ಅಜ್ಜಿ ಪುಡಿ ಬಿಟ್ಟು ಕಡ್ಡಿ ಹಿಡಿದರೆ ಎಲ್ಲ ಸರಿಹೋಗುತ್ತದೆಂದು ಅವ್ವನಿಗೆ ಗೊತ್ತಿತ್ತು. ಅತ್ತೆಗೆ ಅದನ್ನು ಹೇಳುವವರು ಯಾರು?

ಹೇಳಿದವಳು ಪಕ್ಕದ ಮನೆಯ ಬೂಬಮ್ಮ. ಅವಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಬೂಬಮ್ಮ ಅಜ್ಜಿಯ ವಾರಿಗೆಯವಳು, ಪುಡಿಯಲ್ಲೂ ಜೊತೆಗಾತಿ; ಒಬ್ಬರ ಡಬ್ಬಿ ಖಾಲಿಯಾದರೆ ಇನ್ನೊಬ್ಬರದು ಹಿತ್ತಿಲಗೋಡೆ ದಾಟುತ್ತಿತ್ತು. ಅಷ್ಟರಲ್ಲಿ ರಂಜಾನ್ ಬಂತು. ಉಪವಾಸವಿದ್ದವರು ಹಗಲು ಪುಡಿ ಮುಟ್ಟುವ ಹಾಗಿಲ್ಲ, ಕಡ್ಡಿಯಿಂದ ಬಾಯಿ ಚೊಕ್ಕಟ ಮಾಡಿಕೊಳ್ಳಲು ಅಡ್ಡಿಯಿಲ್ಲ. ಪ್ರತಿವರ್ಷ ಆ ತಿಂಗಳು ಬೂಬಮ್ಮ ಗೋಡೆಯಾಚೆ ಬೇವಿನ ಕಡ್ಡಿ ಹಿಡಿದು ಕೂತರೆ, ಈಚೆ ಅಜ್ಜಿ ಪುಡಿ ತಿಕ್ಕುತ್ತ ಅವಳನ್ನು ಛೇಡಿಸುವುದು ವಾಡಿಕೆ. ಆ ಸಲ ಅಜ್ಜಿ ಛೇಡಿಸಲಿಲ್ಲ. ಮಗುವಿಗೆ ಆದದ್ದನ್ನೆಲ್ಲ ಹೇಳಿಕೊಂಡಳು. ಬೂಬಮ್ಮ ಕಡ್ಡಿ ಬದಿಗಿಟ್ಟು ಅಂದಳು:

"ನಾನು ತಿಂಗ್ಳು ಬಿಡ್ತೀನಿ. ಹಗಲೊತ್ತು ನೀನೂ ನನ್ ಜೊತಿ ಬಿಡು, ನೋಡಾನ. ಉಪಾಸ ನಂಗಿರ್ಲಿ, ನೀನು ಮುದ್ದೆ ತಿನ್ನು."

ಅಜ್ಜಿ ಒಪ್ಪಿದಳು. ಒಪ್ಪಿದ್ದೇ ತಡ, ನಮಗೆಲ್ಲ ಶನಿ ಹೆಗಲೇರಿತು. ಸಾರಿಗೆ ಉಪ್ಪು ಹೆಚ್ಚು, ಕೋಳಿ ಕೂಗಿದ್ದು ಹೆಚ್ಚು, ಅಪ್ಪ ಕೆಮ್ಮಿದ್ದು ಹೆಚ್ಚು. ಕದಿರು ಹಾರಿ ಅಂಗಳಕ್ಕೆ ಬಿದ್ದದ್ದೂ ಉಂಟು. ಸಂಜೆಯಾದರೆ ಡಬ್ಬಿ ಹಿಡಿದು ಬೂಬಮ್ಮನ ಕಟ್ಟೆಯ ಮೇಲೆ ಕೂತು ಮಸೀದಿಯ ಕೂಗಿಗೆ ಕಿವಿಗೊಡುವಳು. ಉಪವಾಸ ಇದ್ದವರಿಗಿಂತ ಮೂರು ಹೊತ್ತು ಉಂಡವಳಿಗೇ ಅವಸರ. ಆದರೂ ಬೂಬಮ್ಮ ಒಂದು ಗುಟುಕು ನೀರು ಕುಡಿಯುವ ತನಕ ಮುಚ್ಚಳ ತೆಗೆಯುತ್ತಿರಲಿಲ್ಲ. ಮಾತು ಅಂದರೆ ಮಾತು. ಆ ಹೊತ್ತಿಗೆ ತಂಗಿಯನ್ನು ಎತ್ತಿಕೊಂಡು ಬೇರೆ ಓಣಿಗೆ ಹೋಗುವುದು ನನಗೆ ಬಿದ್ದ ಹೊಸ ಕೆಲಸ.

ಬೆಳಗಿನ ಸೊಗಸು ಮಾತ್ರ ಏನು ಹೇಳಲಿ. ಗೋಡೆಯಾಚೆ ಬೂಬಮ್ಮ, ಈಚೆ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ತಂಗಿ, ಮೂವರ ಬಾಯಲ್ಲೂ ಬೇವಿನ ಕಡ್ಡಿ. ತಂಗಿಗೆಂದು ಎಳೆಯ ಕಡ್ಡಿ ಆರಿಸಿ, ತುದಿಯನ್ನು ಕಲ್ಲಿನಿಂದ ಜಜ್ಜಿ ಮೆತ್ತಗೆ ಮಾಡಿ ಅಜ್ಜಿಯೇ ಕೊಡುವಳು. ಕಹಿಗೆ ತಂಗಿಯ ಮುಖ ಹಿಂಡಿಕೊಳ್ಳುತ್ತಿತ್ತು. ಓರೆಗಣ್ಣಿನಲ್ಲಿ ಅಜ್ಜಿಯನ್ನು ನೋಡುವಳು. ಅಜ್ಜಿಯ ಮುಖವೂ ಹಿಂಡಿಕೊಂಡದ್ದು ಕಂಡು ಸಮಾಧಾನ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಒಳಗೆ, ಹೊರಗೆ, ಅಜ್ಜಿ ಹೇಗೆ ತಿಕ್ಕಿದರೆ ಹಾಗೆ. ಅಜ್ಜಿ ದೂರಕ್ಕೆ ಉಗುಳಿದರೆ ಇವಳೂ ಉಗುಳುವಳು, ಅದು ಅವಳ ಗಲ್ಲದ ಮೇಲೇ ಇಳಿಯುವುದು. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಹಲ್ಲು ಕಿರಿದು ತೋರಿಸಬೇಕು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಸಂತೋಷ ಉಕ್ಕುತ್ತದೆ. ಬೆಲ್ಲ ತಿಂದ ಮೇಲೆ ಬಾಯಿ ಮುಕ್ಕಳಿಸುವ ರೂಢಿಯನ್ನೂ ಅವ್ವ ಅದೇ ಸಂಭ್ರಮದಲ್ಲಿ ಮೆಲ್ಲಗೆ ಸೇರಿಸಿಬಿಟ್ಟಳು.

ಹಬ್ಬ ಬಂತು. ಬೂಬಮ್ಮನ ಮನೆಯಿಂದ ಹಾಲು-ಶಾವಿಗೆಯ ಸುರಕುಂಬ ಬಂತು; ತಂಗಿ ಬಟ್ಟಲು ನೆಕ್ಕಿ, ಹೇಳಿಸಿಕೊಳ್ಳದೆ ಬಾಯಿ ಮುಕ್ಕಳಿಸಿದಳು. ಅಜ್ಜಿ ಕೊಟ್ಟ ಮಾತಿನ ತಿಂಗಳು ಮುಗಿದಿತ್ತು. ಮಾರನೆಯ ಬೆಳಿಗ್ಗೆ ಬೂಬಮ್ಮ ತನ್ನ ಡಬ್ಬಿ ತೆಗೆದು ಗೋಡೆಯ ಮೇಲಿಂದ ಅಜ್ಜಿಗೂ ಚಾಚಿದಳು. ಒಳಗೆ ಒಲೆಯ ಮುಂದಿನಿಂದಲೇ ಅದನ್ನು ಕಂಡ ಅವ್ವ ಊದುಗೊಳವೆ ಹಿಡಿದು ಹಾಗೇ ಕೂತುಬಿಟ್ಟಳು. ಅಜ್ಜಿ ಒಂದು ಚಿಟಿಕೆ ತೆಗೆದುಕೊಂಡೂಬಿಟ್ಟಳು. ತಂಗಿ ಕಡ್ಡಿಯನ್ನು ಕೆಳಗಿಟ್ಟು, ಬಾಯಿ ತೆರೆದು, ತೋರುಬೆರಳು ಚಾಚಿ ತನ್ನ ಪಾಲಿಗೆ ಕಾದಳು.

ಅಜ್ಜಿ ಆ ಪುಟ್ಟ ಹಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಚಿಟಿಕೆಯನ್ನು ಮಣ್ಣಿಗೆ ಉದುರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೆಳಗಿದ್ದ ಕಡ್ಡಿ ತೊಳೆದು ತಂಗಿಯ ಕೈಗಿತ್ತಳು. ತನಗೂ ಒಂದು ಮುರಿದುಕೊಂಡಳು.

ಅಜ್ಜಿ ಬಾಯಿ ತೊಳೆದು ಒಳಗೆ ಬಂದಾಗ ಅವ್ವನ ಕಣ್ಣು ತುಂಬಿತ್ತು. ಹೊಗೆ ಎಂದು ನೆವ ಹೇಳುವ ಹಾಗೂ ಇರಲಿಲ್ಲ, ಒಲೆ ಚೆನ್ನಾಗಿ ಉರಿಯುತ್ತಿತ್ತು. ಅಜ್ಜಿ ಅವಳ ಪಕ್ಕ ಕುಕ್ಕರಿಸಿದಳು.

"ಇಷ್ಟು ದಿನ ನಿನ್ ಮನಸ್ನಾಗೆ ಇದೇ ಇತ್ತಲ್ಲ? ಬಿಡ್ರಿ ಅಂತ ಒಂದ್ ಮಾತು ಹೇಳಾಕೆ ಏನಾಗಿತ್ತು ನಿಂಗೆ?"

ಅವ್ವ ತಲೆ ತಗ್ಗಿಸಿಯೇ ಕೇಳಿದಳು. "ಹೇಳಿದ್ರೆ ಕೇಳ್ತಿದ್ರೇನ್ರೀ ಅತ್ತೆ?"

ಅಜ್ಜಿ ಯೋಚಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

"ಇಲ್ಲ. ನಿನ್ನ ತವ್ರಿಗೆ ಕಳಿಸ್ತಿದ್ದೆ."

ಅವ್ವ ಅತ್ತೆಯ ಎದುರು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.