ರಂಗೋಲಿ ಬಿಟ್ಟುಕೊಟ್ಟ ದಾರಿ

ಮಕ್ಕಳೇ, ಕಡೂರಿನ ನಮ್ಮ ಹೊಸ ಬಡಾವಣೆಯಲ್ಲಿ ಫುಟ್‌ಪಾತ್ ಇಲ್ಲ. ಮನೆಗಳ ಮುಂದೆ ಕಾರು ಹತ್ತಿಸುವ ಇಳಿಜಾರು, ಅದು ಮುಗಿದರೆ ರಸ್ತೆಯೇ. ಬೆಳಿಗ್ಗೆ ಹಾಲಿಗೆ ಹೋಗುವಾಗ ನಾನು ರಸ್ತೆಯ ಅಂಚು ಹಿಡಿದು ನಡೆಯುತ್ತೇನೆ. ಆ ಅಂಚಿನಲ್ಲೇ ಪಕ್ಕದ ಮನೆಯ ಸೊಸೆ ದೊಡ್ಡ ರಂಗೋಲಿ ಹಾಕುತ್ತಿದ್ದಳು. ತುಳಿಯಲು ಮನಸ್ಸು ಬಾರದೆ ನಡುರಸ್ತೆಗೆ ಇಳಿಯುತ್ತಿದ್ದೆ. ಅವಳಿಗೆ ಹೇಳಲು ಸಂಕೋಚ.

ಒಂದು ದಿನ ಬೈಕೊಂದು ನನ್ನ ಸೆರಗು ಸವರಿಕೊಂಡೇ ಹೋಯಿತು. ಅವಳು ಓಡಿಬಂದಳು.

“ಅಯ್ಯೋ ಅಜ್ಜಿ, ತುಳ್ಕೊಂಡು ಬರೋದಲ್ವಾ? ರಂಗೋಲಿ ನಾಳೆನೂ ಹಾಕ್ತೀನಿ, ನಿಮ್ಮನ್ನ ಎಲ್ಲಿಂದ ತರ್ಲಿ?”

“ಅಷ್ಟು ಚೆನ್ನಾಗಿ ಹಾಕಿದ್ದೀಯ ಕಣಮ್ಮ, ಹೆಂಗೆ ತುಳೀಲಿ?” ಎಂದೆ.

ಮರುದಿನದಿಂದ ರಂಗೋಲಿ ಅವರ ಇಳಿಜಾರಿನ ಮೇಲೆ ಹತ್ತಿತು. ರಸ್ತೆಯ ಅಂಚು ನನಗೆ ಸಿಕ್ಕಿತು. ರಂಗೋಲಿಯನ್ನು ಈಗ ಅವಳ ಗಂಡನ ಕಾರು ತುಳಿಯುತ್ತದೆ.