ಸೋಮವಾರದ ಕೆಂಪು

ಎಲೆ-ಅಡಿಕೆ ಹಾಕಿ ಹಾಕಿ ಕಪ್ಪಾದ ಹಲ್ಲು, ಸುಣ್ಣ ಅಂಟಿದ ತೋರುಬೆರಳು. ವೀಳ್ಯದೆಲೆ ಮಡಿಚುವ ಮೊದಲು ಎರಡೂ ಬದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗುಂಡ್ಲುಪೇಟೆಯಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟ ಓನರಮ್ಮ ಎಲೆಯನ್ನೇ ನಂಬದವರು, ಒಂಟಿ ನರ್ಸಾದ ನನ್ನನ್ನು ನಂಬುತ್ತಾರೆಯೇ? ನನ್ನ ಕೊಡ ತುಂಬುವವರೆಗೂ ನಲ್ಲಿ ಪಕ್ಕವೇ ನಿಂತಿರುತ್ತಿದ್ದರು. ಹಿಂದಿನ ಬಾಡಿಗೆಯವನು ಪೈಪು ಕೊರೆದು ಕಳ್ಳ ಲೈನ್ ಎಳೆದಿದ್ದನಂತೆ. ಆ ಕಥೆ ಕೇಳದ ವಾರವಿರಲಿಲ್ಲ.

ಅನುಮಾನದಲ್ಲಿ ನಾನೂ ಕಡಿಮೆಯವಳಲ್ಲ. ಸೋಮವಾರ ಅವರಿಗೆ ಶಿವಪೂಜೆ, ಉಪವಾಸ. ಅವತ್ತು ಎಲೆ ಮುಟ್ಟುತ್ತಿರಲಿಲ್ಲ. ಅಂಥ ಒಂದು ಸೋಮವಾರ ಬಚ್ಚಲಲ್ಲಿ ಕೆಂಪು ಕಂಡೆ. ಕೇಳಿದರೆ, ನಿನ್ನೆಯ ಎಲೆ ಉಗುಳು ಎಂದರು. ಮುಂದಿನ ಸೋಮವಾರ ಬೇಗ ಎದ್ದು ಬಚ್ಚಲನ್ನು ನಾನೇ ತೊಳೆದು ಕಾದೆ. ಕೆಮ್ಮಿದರು. ಮತ್ತೆ ಕೆಂಪು. ಆರು ದಿನ ಎಲೆಯ ಬಣ್ಣದಲ್ಲಿ ಬಚ್ಚಿಟ್ಟದ್ದು ಏಳನೆಯ ದಿನ ಸಿಕ್ಕಿಬಿತ್ತು.

ಪ್ರಾಯದಲ್ಲಿ ಅವರಿಗೆ ಟಿಬಿ ಬಂದು ವಾಸಿಯಾಗಿತ್ತು. ಮತ್ತೆ ಬಂತೆಂದು ಗೊತ್ತಾದರೆ ಬೀದಿಯವರು ಮನೆಯ ನೀರೂ ಕುಡಿಯುವುದಿಲ್ಲ ಎಂಬ ಭಯ. ಒಪ್ಪಿಸಿ ಮಾಡಿಸಿದ ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ. ಆದರೆ ಆ ವಾರವೇ ಒಂದು ಮಧ್ಯಾಹ್ನ ಲೋಟದಷ್ಟು ರಕ್ತ ಕೆಮ್ಮಿದರು. ಇನ್ನೊಮ್ಮೆ ಹೀಗಾದರೆ ಉಸಿರು ಕಟ್ಟಿ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಮೈಸೂರಿಗೆ ಕರೆದುಕೊಂಡು ಓಡಿದೆ.

ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಶ್ವಾಸಕೋಶ ಇಡೀ ಮೈಯ ರಕ್ತವನ್ನು ಶುದ್ಧ ಮಾಡುತ್ತದೆ, ಆದರೆ ಅದರ ಸ್ವಂತ ಹೊಟ್ಟೆಪಾಡಿಗೆ ಮಹಾಧಮನಿಯಿಂದ ಕವಲೊಡೆದ ಬೇರೆ ಸಣ್ಣ ನಾಳಗಳಿವೆ. ಹಳೆಯ ಟಿಬಿ ಗಾಯದ ಸುತ್ತ ಅವು ದಪ್ಪಗಾಗಿ, ಒತ್ತಡಕ್ಕೆ ಒಡೆದಿವೆ. ತೊಡೆಸಂದಿಯಿಂದ ತೆಳು ಕೊಳವೆ ಏರಿಸಿ ಮುಚ್ಚಬೇಕು.

"ರಕ್ತ ಎದೇಲಿ, ತೂತು ತೊಡೇಲಾ?" ಓನರಮ್ಮ ನನ್ನನ್ನು ದುರುಗುಟ್ಟಿ ನೋಡಿದರು. "ಒಳಗೇ ಕಳ್ಳ ಲೈನ್ ಎಳ್ಕಂಡವೆ ಅನ್ನಿ," ಎಂದು ಡಾಕ್ಟರ ಕಡೆ ತಿರುಗಿದರು. "ನೀವು ಬ್ಯಾರೆ ಲೈನ್ ಕಟ್ ಮಾಡ್ಬುಟ್ರೆ?"

ಡಾಕ್ಟರು ನಗಲಿಲ್ಲ. ತಮ್ಮ ಭಯವೂ ಅದೇ ಎಂದರು. ಕೆಲವರಲ್ಲಿ ಬೆನ್ನುಹುರಿಗೆ ಹೋಗುವ ನಾಳವೂ ಅಲ್ಲಿಂದಲೇ ಹೊರಡುತ್ತದೆ. ಅದು ಮುಚ್ಚಿದರೆ ಕಾಲು ಸ್ವಾಧೀನ ತಪ್ಪಬಹುದು. ಮೊದಲು ಬಣ್ಣದ ಔಷಧಿ ಬಿಟ್ಟು ನೋಡುತ್ತೇನೆ, ಅನುಮಾನ ಬಂದರೆ ನಿಲ್ಲಿಸುತ್ತೇನೆ ಎಂದರು.

"ಈವಯ್ಯ ನನಗಿಂತ ಅನುಮಾನದೋನು ಕಣಮ್ಮಿ. ಮಾಡ್ಲಿ ಬುಡು," ಎಂದು ಸಹಿ ಹಾಕಿದರು.

ರಕ್ತ ನಿಂತಿತು. ಅಂದಿನಿಂದ ಪ್ರತಿ ಸೋಮವಾರ ಬಾಯಿ ತೊಳೆದು, ಬಿಳಿ ಬೋಗುಣಿಗೆ ಉಗುಳಿ, ನನಗೆ ತಂದು ತೋರಿಸುತ್ತಿದ್ದರು. ಯಾರನ್ನೂ ನಂಬದವರು ಹಾಗೆ ತೋರಿಸಿದ್ದು ನನಗೆ ಹೆಮ್ಮೆಯೇ. ಚಾಮರಾಜನಗರಕ್ಕೆ ವರ್ಗವಾದ ಮೇಲೆ ಅದು ಫೋನಿಗೆ ಬಂತು: "ಬೆಳ್ಳಗದೆ ಕಣಮ್ಮಿ." ಅಷ್ಟೇ ಮಾತು. ಇಂದಿಗೂ ನನ್ನ ವಾರ್ಡಿನಲ್ಲಿ ಎಲೆ ಹಾಕುವವರು ಕೆಮ್ಮಿದರೆ, ಬಾಯಿ ತೊಳೆಸಿಯೇ ಉಗುಳಿಸುತ್ತೇನೆ.

ಹೋದ ವರ್ಷ ಒಂದು ಸೋಮವಾರ ಫೋನ್ ಬರಲಿಲ್ಲ. ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹಿಡಿದು ಹೋದೆ. ಬೆಳಿಗ್ಗೆ ಪೂಜೆಗೆ ಕೂತಲ್ಲೇ ಹೃದಯ ನಿಂತಿತ್ತಂತೆ. ಜನ ಸೇರಿದ್ದರು. ಮುಖ ನೋಡುವ ಮೊದಲು ನಾನು ನೇರ ಬಚ್ಚಲಿಗೆ ಹೋಗಿ ಬೋಗುಣಿಯಲ್ಲಿದ್ದ ಉಗುಳು ನೋಡಿದೆ.

ಬೆಳ್ಳಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.