ಗೋಡೆ ತೆಗೆದ ಅಡುಗೆಮನೆ

ಒಬ್ಬಳಿಗೆ ಮಾತ್ರ ಅನ್ನ ಬೇಯಿಸುವುದು ನಾಚಿಕೆಯ ಕೆಲಸವೆಂದು ನನಗೆ ತಿಳಿದದ್ದು ಮುದುಕಿಯಾದ ಮೇಲೆ. ಅದನ್ನು ತಿಳಿಸಿಕೊಟ್ಟದ್ದು ಪಂಚಾಯತು.

ಮೂಡುಬಿದಿರೆಗೆ ಹೋಗುವ ಬಸ್ಸಿನ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಓಣಿ. ಅಕ್ಕನೂ ನಾನೂ ಬೀಡಿ ಕಟ್ಟಿ ಬದುಕಿದವರು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ, ಅಷ್ಟೇ. ಕುಚ್ಚಲಕ್ಕಿ ಬೇಯುವುದು ನಿಧಾನ, ಗ್ಯಾಸಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಾಗಿ ಅಂಗಳದ ಮೂಲೆಯಲ್ಲಿ ಕೆಂಪುಕಲ್ಲಿನ ಗೋಡೆ ಎಬ್ಬಿಸಿ, ಹಂಚು ಹೊದಿಸಿ, ಸೌದೆ ಒಲೆ ಹಾಕಿಕೊಂಡಿದ್ದೆವು. ಅಕ್ಕ ಸತ್ತ ಮೇಲೂ ಒಲೆ ಉರಿಯುತ್ತಿತ್ತು. ಒಳಗೆ ಎಷ್ಟು ಜನ ಉಣ್ಣುತ್ತಾರೆಂದು ಹೊಗೆ ಯಾರಿಗೂ ಹೇಳುವುದಿಲ್ಲ.

ಮನೆ ತೆರಿಗೆಗೆ ಅಳತೆ ಮಾಡಲು ಬಂದ ಪಂಚಾಯತಿನವನು ಮೂಲೆ ನೋಡಿ ನಿಂತ.

"ಇದಕ್ಕೆ ಲೈಸನ್ಸ್ ಉಂಟಾ ಅಮ್ಮ?"

"ಗಂಜಿಗೆ ಲೈಸನ್ಸಾ ಮಾರಾಯ?"

"ಗಂಜಿಗಲ್ಲ, ಗೋಡೆಗೆ. ನಕ್ಷೆ ಕೊಡಬೇಕಿತ್ತು. ಬೇಲಿಯಿಂದ ಮೂರಡಿ ಬಿಡಬೇಕಿತ್ತು."

"ಆಚೆ ಮನೆಯ ದನದ ಹಟ್ಟಿ ಬೇಲಿಗೆ ಒರಗಿಕೊಂಡೇ ಉಂಟಲ್ಲ?"

"ಹಟ್ಟಿಯಲ್ಲಿ ಯಾರೂ ಅಡುಗೆ ಮಾಡುದಿಲ್ಲ."

ನೀವೇ ಹೇಳಿ, ದನ ಮಲಗಲು ಕೇಳುವವರಿಲ್ಲ, ಅನ್ನ ಬೇಯಲು ನಕ್ಷೆ ಬೇಕು! ಆದರೆ ಹುಡುಗ ಕೆಟ್ಟವನಲ್ಲ. "ಗೋಡೆ ತೆಗೆದು ನಾಲ್ಕು ಕಂಬ ನಿಲ್ಲಿಸಿ. ನಾನು ಚಪ್ಪರ ಅಂತ ಬರೆದುಕೊಳ್ತೇನೆ" ಎಂದ. ಗೋಡೆ ಬಿತ್ತು. ಸರಕಾರಕ್ಕೆ ಸಮಾಧಾನವಾಯಿತು.

ನನಗೆ ಆಗಲಿಲ್ಲ. ಗೋಡೆ ಇದ್ದಾಗ ನಾನು ಅಡುಗೆ ಮಾಡುವ ಹೆಂಗಸು. ಗೋಡೆ ಹೋದ ಮೇಲೆ ಓಣಿಯಲ್ಲಿ ನಡೆಯುವವರಿಗೆಲ್ಲ ನನ್ನ ಪುಟ್ಟ ಪಾತ್ರೆ ಕಾಣತೊಡಗಿತು. ಹಾಲಿನವಳು ನಿಂತು, "ಇಷ್ಟೇಯಾ? ಪಾಪ" ಎಂದಳು. ಮೀನಿನವನೂ ಕೇಳದೆಯೇ ಒಂದು ಬಂಗುಡೆ ಹೆಚ್ಚು ಹಾಕಿದ. ಬೈದು ವಾಪಸು ಕೊಟ್ಟೆ. ಹಸಿವೆ ತಡೆದೇನು, ಈ ಪಾಪ ತಡೆಯಲಾರೆ.

ಅಟ್ಟದಲ್ಲಿ ಅಕ್ಕನ ಉತ್ತರಕ್ರಿಯೆಗೆ ತಂದ ದೊಡ್ಡ ತಪ್ಪಲೆ ಇತ್ತು. ಇಳಿಸಿದೆ. ನೀರು ತುಂಬಿಸಿ, ಮುಚ್ಚಳ ಹಾಕಿ, ಓಣಿಗೆ ಕಾಣುವಂತೆ ಒಲೆಯ ಮೇಲಿಟ್ಟೆ. ನನ್ನ ಪಾತ್ರೆ ಅದರ ಬೆನ್ನ ಹಿಂದೆ ಅಡಗಿತು. ದಿನಾ ಹೀಗೆಯೇ. ಪಾಪ ಎನ್ನುವುದು ನಿಂತಿತು, ಸೌದೆ ಮಾತ್ರ ಬೇಗ ಬೇಗ ಮುಗಿಯಿತು. ಹತ್ತು ಜನರ ಮನೆಯವಳಂತೆ ಗತ್ತಿನಿಂದ ಬೆಂಕಿ ಊದಿದೆ. ಗತ್ತಿಗೇನೂ ಲೈಸನ್ಸ್ ಬೇಡವಲ್ಲ.

ಒಂದು ದಿನ ಎದುರುಮನೆಯ ಐಸಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಹಿಡಿದುಕೊಂಡೇ ಬಂದಳು. ಗಂಡ ಹೋದ ಮೇಲೆ ಅವಳೂ ಹೊರಗೆ ಬರುವುದು ಕಡಿಮೆ.

"ಯಾರು ಬರ್ತಾರೆ ಅಕ್ಕಾ, ಇಷ್ಟು ದೊಡ್ಡದು ಇಟ್ಟಿದ್ದೀರಿ?"

"ನೆಂಟರು."

"ಹಾಗಾದರೆ ನೀರುಳ್ಳಿ ಕೊಡಿ. ಹೆಚ್ಚಿ ಕೊಡ್ತೇನೆ."

ಮನೆಯಲ್ಲಿದ್ದದ್ದು ಒಂದೇ ನೀರುಳ್ಳಿ. ತಂದು ಅವಳ ಮುಂದಿಟ್ಟೆ. ಅವಳು ನೀರುಳ್ಳಿ ನೋಡಿದಳು, ನನ್ನನ್ನು ನೋಡಿದಳು. ಎದ್ದು ಹೋಗಿ ತಪ್ಪಲೆಯ ಮುಚ್ಚಳ ತೆಗೆದಳು. ನಾನು ಬೇಲಿಯ ಕಡೆ ಮುಖ ತಿರುಗಿಸಿದೆ. ಈಗ 'ಪಾಪ' ಎಂದರೆ ಇವಳ ಜೊತೆಗೂ ಮಾತು ಮುಗಿಯಿತೆಂದು ಕಾದೆ.

"ನೆಂಟರಿಗೆ ಸ್ನಾನಕ್ಕಾ?" ಎಂದಳು ಐಸಮ್ಮ.

"ಹೌದು. ದೂರದಿಂದ ಬರುವವರು."

"ಬರಲಿ ಬರಲಿ" ಎಂದು ಮುಚ್ಚಳ ಮುಚ್ಚಿ ಕತ್ತಿಯ ಮುಂದೆ ಕೂತಳು. ಒಂದು ನೀರುಳ್ಳಿಯನ್ನು ಅಷ್ಟು ಹೊತ್ತು ಹೆಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ.